ಬಡವರ ಬಾನುಲಿಗೆ ಸುದ್ದಿ ಏಕೆ ನಿಷಿದ್ಧ?

(ಸಮುದಾಯ ಬಾನುಲಿಯ ಕುರಿತು ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾಧ್ಯಮಗಳ ಬಗ್ಗೆ ನಮ್ಮ ಸಮುದಾಯದಲ್ಲಿ ದೂರುಗಳಿಗೆ ಬರವಿಲ್ಲ. ಪತ್ರಿಕೆಗಳು ನಮ್ಮ ಮಾತನ್ನು ತಿರುಚುತ್ತವೆ, ಟಿ.ವಿ. ಚಾನೆಲ್‌ಗಳಿಗೆ ಅಪರಾಧದ ಸುದ್ದಿ ಬಂದಾಗ ಮಾತ್ರ ನಮ್ಮ ಕೇರಿಗಳ ನೆನಪಾಗುತ್ತದೆ ಎಂದು ನಾವು ನೊಂದುಕೊಳ್ಳುತ್ತೇವೆ. ಇದರಲ್ಲಿ ಸತ್ಯಾಂಶ ಬಹಳಷ್ಟಿದೆ. ಆದರೆ ಬಡವರೂ ನಡೆಸಬಹುದಾದ, ಅಕ್ಷರ ಬಾರದವರೂ ಮಾತಾಡಬಹುದಾದ ಒಂದು ಮಾಧ್ಯಮ ಈ ದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವುದನ್ನು ನಾವು ಗಮನಿಸಿದ್ದೇವೆಯೇ? ಸಮುದಾಯ ಬಾನುಲಿ ಎಂಬ ಆ ಮಾಧ್ಯಮದ ಬಗ್ಗೆ ನಾನಿಂದು ಎರಡು ಪ್ರಶ್ನೆಗಳನ್ನು ಎತ್ತಬಯಸುತ್ತೇನೆ. ಒಂದು ಸರಕಾರಕ್ಕೆ, ಇನ್ನೊಂದು ನಮಗೆ.

1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟ್ ಒಂದು ಐತಿಹಾಸಿಕ ತೀರ್ಪು ನೀಡಿತು. ವ್ಯಾಜ್ಯ ಹುಟ್ಟಿದ್ದು ಕ್ರಿಕೆಟ್ ಪಂದ್ಯಗಳ ನೇರ ಪ್ರಸಾರದ ಹಕ್ಕಿನ ಬಗ್ಗೆ. ಆದರೆ ನ್ಯಾಯಾಲಯ ಹೇಳಿದ ಮಾತು ಕ್ರೀಡಾಂಗಣವನ್ನು ಮೀರಿದ್ದು. ಆಕಾಶದ ತರಂಗಗಳು ಸಾರ್ವಜನಿಕ ಸೊತ್ತು, ಅವುಗಳನ್ನು ಜನಹಿತಕ್ಕಾಗಿ ಬಳಸಬೇಕು, ಅವುಗಳ ಮೇಲೆ ಸರಕಾರದ ಏಕಸ್ವಾಮ್ಯ ಸಲ್ಲದು ಎಂಬುದು ಅದರ ಸಾರ.

ಸೊತ್ತು ಸಾರ್ವಜನಿಕರದ್ದು ಎಂದಾದ ಮೇಲೆ ಅದು ಮೊದಲು ಯಾರ ಕೈ ಸೇರಿತು? ಹಣವುಳ್ಳವರ ಕೈಯನ್ನು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಪ್ರಸಾರ ಆರಂಭಿಸಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಅನುಮತಿಯ ಬಾಗಿಲು ತೆರೆಯಿತು. ಅದರಂತೆ 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾನಿಲಯದ ಬಾನುಲಿ ಮೊದಲ್ಗೊಂಡಿತು. ಹಳ್ಳಿಗಳಲ್ಲಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರ ನವೆಂಬರ್‌ನಲ್ಲಿ. ಅಂದರೆ ತೀರ್ಪು ಬಂದು 11 ವರ್ಷಗಳು ಕಳೆದ ಮೇಲೆ ಬಡವರ ಸರದಿ ಬಂತು!

ಆ ವರ್ಷಗಳಲ್ಲಿ ಬಡವರು ಕೈಕಟ್ಟಿ ಕುಳಿತಿರಲಿಲ್ಲ. ನಮ್ಮದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ಹುಟ್ಟಿಕೊಂಡಿತು. ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಇಲ್ಲ. ಆದ್ದರಿಂದ ಅವರು ಟಿ.ವಿ.ಯ ಕೇಬಲ್ ತಂತಿಯ ಮೂಲಕ ಧ್ವನಿಯನ್ನು ಮನೆಮನೆಗೆ ಮುಟ್ಟಿಸಿದರು. ಕುಡಿಯುವ ನೀರಿನ ತೊಂದರೆಯಾದಾಗ ಊರವರ ಅಳಲನ್ನು ಧ್ವನಿಮುದ್ರಿಸಿ ಕೇಳಿಸಿದರು. ಅಧಿಕಾರಿಗಳು ಎಚ್ಚೆತ್ತು ಕೊಳವೆಯನ್ನು ದುರಸ್ತಿ ಮಾಡಿಸಿದರು. ಬರೆದುಕೊಟ್ಟ ಅರ್ಜಿ ಕಡತದೊಳಗೆ ಮಲಗಿರಬಹುದು. ಇಡೀ ಊರು ಕಿವಿಗೊಟ್ಟ ಮಾತನ್ನು ಮಲಗಿಸುವುದು ಅಷ್ಟು ಸುಲಭವಲ್ಲ.

ಆಗ ಮೇದಕ್ ಜಿಲ್ಲೆಗೆ ಸೇರಿದ್ದ, ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಮಾಚನೂರಿನ ಕಥೆ ಇನ್ನೂ ಹೃದಯಸ್ಪರ್ಶಿ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಸರೆಯಲ್ಲಿ ಅಲ್ಲಿನ ದಲಿತ ಮಹಿಳೆಯರು 1990ರ ದಶಕದ ಕೊನೆಗೇ ಧ್ವನಿಮುದ್ರಣ ಕೇಂದ್ರವನ್ನು ಸಿದ್ಧಪಡಿಸಿಕೊಂಡಿದ್ದರು. ಪರವಾನಗಿ ಬರಲಿಲ್ಲ. ಅವರು ಕ್ಯಾಸೆಟ್‌ಗಳನ್ನು ಹಿಡಿದು ಊರೂರಿಗೆ ಹೋಗಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಹೀಗೆ ಸುಮಾರು ಹತ್ತು ವರ್ಷ ಕಾದ ಬಳಿಕ, 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೊ' ಗಾಳಿಯಲ್ಲಿ ಮೊಳಗಿತು. ಸಿರಿಧಾನ್ಯ, ಬಿತ್ತನೆಬೀಜ, ಮನೆಮದ್ದು, ಹಬ್ಬದ ಹಾಡು ಎಲ್ಲವೂ ಅದರಲ್ಲಿವೆ. ಕೂಲಿ ಮಾಡುವ ಹೆಣ್ಣುಮಕ್ಕಳ ಅರಿವನ್ನೂ ಅರಿವೆಂದು ಒಪ್ಪುವುದು ಕೂಡಾ ಸಾಮಾಜಿಕ ನ್ಯಾಯವೇ.

ನಮಗೆ ಹೆಚ್ಚು ಪಾಠವಾಗಬೇಕಾದ ಇನ್ನೊಂದು ಉದಾಹರಣೆ ಹರಿಯಾಣದ ಮೇವಾತ್. ದೆಹಲಿಗೆ ಅಷ್ಟು ಸಮೀಪವಿದ್ದರೂ ಅಭಿವೃದ್ಧಿಗೆ ಬಹು ದೂರವಿರುವ ಈ ಜಿಲ್ಲೆಯಲ್ಲಿ ಮೇವ್ ಮುಸ್ಲಿಮರೇ ಬಹುಸಂಖ್ಯಾತರು. 2011ರ ಜನಗಣತಿಯ ಪ್ರಕಾರ ಅಲ್ಲಿನ ಸ್ತ್ರೀ ಸಾಕ್ಷರತೆ ಶೇ. 40ನ್ನೂ ಮುಟ್ಟಿರಲಿಲ್ಲ. 2016ರಲ್ಲಿ ಜಿಲ್ಲೆಯ ಹೆಸರು ನೂಹ್ ಎಂದು ಬದಲಾಯಿತು. ಆದರೆ 2018ರಲ್ಲಿ ನೀತಿ ಆಯೋಗವು ಹಿಂದುಳಿದ ಜಿಲ್ಲೆಗಳನ್ನು ಶ್ರೇಣೀಕರಿಸಿದಾಗ ಅದು ಪಟ್ಟಿಯ ಕೊನೆಯಲ್ಲಿತ್ತು. ಇಂತಹ ಕಡೆ ಪತ್ರಿಕೆ ಹಂಚಿದರೆ ಓದುವವರಾರು? ಅಲ್ಲಿ 2010ರಲ್ಲಿ 'ರೇಡಿಯೊ ಮೇವಾತ್', 2012ರಲ್ಲಿ ಘಾಘಸ್ ಗ್ರಾಮದಿಂದ 'ಅಲ್ಫಾಜ್-ಎ-ಮೇವಾತ್' ಪ್ರಸಾರ ಆರಂಭಿಸಿದವು. ಓದು ಬಾರದ ತಾಯಿಗೂ ಮಗುವಿನ ಲಸಿಕೆ, ಶಾಲೆ, ಪಡಿತರದ ವಿಷಯ ತನ್ನ ಆಡುಮಾತಿನಲ್ಲಿ ಕೇಳಸಿಗುವುದೆಂದರೆ ಸಾಮಾನ್ಯ ಸಂಗತಿಯೇ?

ಸಂಸ್ಕೃತಿಯ ದೃಷ್ಟಿಯಿಂದಲೂ ಮೇವಾತ್ ಗಮನಾರ್ಹ. ಅಲ್ಲಿನ ಮಿರಾಸಿಗಳೆಂಬ ಮುಸ್ಲಿಮ್ ಗಾಯಕರು ಪಾಂಡವರ ಕಥೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಜನರನ್ನು ಧರ್ಮದ ಗೋಡೆಗಳೊಳಗೆ ಕೂಡಿಹಾಕಬಯಸುವ ರಾಜಕೀಯಕ್ಕೆ ಇಂತಹ ಹಾಡುಗಳು ಬೇಕಿಲ್ಲ. ವ್ಯಾಪಾರಿ ವಾಹಿನಿಗಳಿಗೆ ಇದರಿಂದ ಲಾಭವಿಲ್ಲ. ಈ ಸಂಪತ್ತು ಉಳಿಯಬೇಕಾದರೆ ಆಯಾ ನೆಲದ ಬಾನುಲಿಯೇ ಅದಕ್ಕೆ ಆಸರೆಯಾಗಬೇಕು.

ಇನ್ನು ಸರಕಾರಕ್ಕೆ ಕೇಳಬೇಕಾದ ಪ್ರಶ್ನೆಗೆ ಬರೋಣ. ದೇಶದಲ್ಲಿ ಇಂದು 450ಕ್ಕೂ ಹೆಚ್ಚು ಸಮುದಾಯ ಬಾನುಲಿ ಕೇಂದ್ರಗಳಿವೆ. ಆದರೆ ಇವುಗಳಲ್ಲಿ ಒಂದಕ್ಕೂ ತನ್ನದೇ ಆದ ಸುದ್ದಿಯನ್ನು ಪ್ರಸಾರ ಮಾಡುವ ಹಕ್ಕಿಲ್ಲ! ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಮರುಪ್ರಸಾರ ಮಾಡಬಹುದು, ಅಷ್ಟೆ. ಪತ್ರಿಕೆಗೆ ಸುದ್ದಿಯ ಸ್ವಾತಂತ್ರ್ಯವಿದೆ. ನೂರಾರು ಟಿ.ವಿ. ಚಾನೆಲ್‌ಗಳು ಹಗಲಿರುಳು ಸುದ್ದಿ ಬಿತ್ತರಿಸುತ್ತವೆ. ಕೈಯಲ್ಲಿ ಮೊಬೈಲ್ ಇರುವ ಯಾರೂ ತಮಗೆ ತೋಚಿದ್ದನ್ನು ಲೋಕಕ್ಕೆಲ್ಲ ಸಾರಬಹುದು. ನೂರು ವ್ಯಾಟ್ ಶಕ್ತಿಯ, ನಾಲ್ಕಾರು ಹಳ್ಳಿಗಳಾಚೆ ಕೇಳಿಸದ ಬಾನುಲಿಯೊಂದು ತನ್ನೂರ ಪಂಚಾಯತ್ ಸುದ್ದಿಯನ್ನು ತಾನೇ ಬರೆದು ಓದಿದರೆ ಮಾತ್ರ ದೇಶಕ್ಕೆ ಅಪಾಯವೇ? ಈ ನಿಷೇಧವನ್ನು ಪ್ರಶ್ನಿಸಿ 'ಕಾಮನ್ ಕಾಸ್' ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಸುದ್ದಿಗೆ ಅವಕಾಶ ಕೊಟ್ಟರೆ ದ್ವೇಷ ಹರಡೀತು ಎಂಬ ವಾದವಿದೆ. ಆ ಭಯವನ್ನು ಲಘುವಾಗಿ ಕಾಣಲಾಗದು. 1994ರಲ್ಲಿ ರುವಾಂಡಾದಲ್ಲಿ ನರಮೇಧಕ್ಕೆ ಪ್ರಚೋದನೆ ನೀಡಿದ್ದರಲ್ಲಿ ಬಾನುಲಿ ಕೇಂದ್ರವೊಂದರ ಪಾತ್ರವಿತ್ತು. ಆದರೆ ಅದು ಬಡವರ ಬಾನುಲಿಯಾಗಿರಲಿಲ್ಲ. ಅಧಿಕಾರದಲ್ಲಿದ್ದವರ ಆಪ್ತರು ಕಟ್ಟಿದ ಕೇಂದ್ರವಾಗಿತ್ತು. ನಮ್ಮಲ್ಲಿ ಸಮುದಾಯ ಬಾನುಲಿ ನಡೆಸುವ ಸಂಸ್ಥೆಗೆ ವಿಳಾಸವಿದೆ, ಪರವಾನಗಿಯ ಕಟ್ಟುಪಾಡುಗಳಿವೆ. ಪ್ರಸಾರವಾದ ಪ್ರತಿಯೊಂದು ಕಾರ್ಯಕ್ರಮವನ್ನು ಮೂರು ತಿಂಗಳು ಕಾದಿರಿಸಬೇಕೆಂಬ ನಿಯಮವಿದೆ. ರಾಜಕೀಯ ಪಕ್ಷಗಳಿಗೆ ಪರವಾನಗಿ ಇಲ್ಲ. ಇಷ್ಟೊಂದು ಹೊಣೆ ಹೊತ್ತವರ ಬಾಯಿಗೆ ಬೀಗ ಹಾಕಿ, ಹೆಸರೂ ವಿಳಾಸವೂ ಇಲ್ಲದೆ ವದಂತಿ ಹರಡುವವರಿಗೆ ಬಯಲು ಬಿಟ್ಟುಕೊಡುವುದು ಎಂತಹ ನ್ಯಾಯ? ವದಂತಿ ಹಬ್ಬಿದ ದಿನ, 'ನಮ್ಮೂರಿನಲ್ಲಿ ಅಂತಹದ್ದೇನೂ ನಡೆದಿಲ್ಲ' ಎಂದು ಪರಿಚಿತ ಧ್ವನಿಯೊಂದು ಹೇಳಿದರೆ ಎಷ್ಟೋ ಅನಾಹುತಗಳು ತಪ್ಪಬಹುದು.

ನೆರೆಯ ನೇಪಾಳವನ್ನು ನೋಡಿ. ಅಲ್ಲಿ 1997ರಲ್ಲೇ 'ರೇಡಿಯೊ ಸಗರಮಾಥಾ' ಆರಂಭವಾಯಿತು. ಸಮುದಾಯ ಬಾನುಲಿಗಳು ಅಲ್ಲಿ ಸುದ್ದಿಯನ್ನೂ ಓದುತ್ತವೆ. 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು, ಎಫ್.ಎಂ. ಕೇಂದ್ರಗಳ ಸುದ್ದಿಯನ್ನು ನಿಷೇಧಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಸಗರಮಾಥಾ ಕೇಂದ್ರಕ್ಕೆ ಪೊಲೀಸರು ನುಗ್ಗಿ ಉಪಕರಣಗಳನ್ನು ಹೊತ್ತೊಯ್ದರು. ಮರುವರ್ಷ ಜನಾಂದೋಲನದ ಮುಂದೆ ದೊರೆ ಮಣಿಯಬೇಕಾಯಿತು. ಅಲ್ಲಿ ಸುದ್ದಿಗೆ ಹೆದರಿದ್ದು ಯಾರು, ಜನರೋ ಸಿಂಹಾಸನವೋ? ಜಗತ್ತಿನ ಅತಿ ದೊಡ್ಡ ಪ್ರಜಾಪ್ರಭುತ್ವವೆಂದು ಹೆಮ್ಮೆಪಡುವ ನಾವು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಸಹೋದರ ಸಹೋದರಿಯರೇ, ಎರಡನೆಯ ಪ್ರಶ್ನೆ ನಮಗೆ. ಈಗ ಇರುವ ಅವಕಾಶವನ್ನಾದರೂ ನಾವು ಬಳಸಿಕೊಂಡಿದ್ದೇವೆಯೇ? ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕೆಂದು 2006ರ ಮಾರ್ಗಸೂಚಿಯೇ ಹೇಳುತ್ತದೆ. ಸ್ಥಳೀಯರೆಂದರೆ ನಾವೂ ಸೇರಿದಂತೆಯೇ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ 'ರೇಡಿಯೊ ಸಾರಂಗ್' ಕನ್ನಡ, ತುಳು, ಕೊಂಕಣಿಗಳ ಜೊತೆಗೆ ಬ್ಯಾರಿ ಭಾಷೆಗೂ ಜಾಗ ಕೊಟ್ಟಿದೆ. ಕ್ರೈಸ್ತ ಸಂಸ್ಥೆಯೊಂದು ನಡೆಸುವ ಕೇಂದ್ರದಲ್ಲಿ ಬ್ಯಾರಿ ಮಾತು ಕೇಳಿಬರುವುದು ಈ ನಾಡಿನ ಸೌಹಾರ್ದದ ಒಳ್ಳೆಯ ಕುರುಹು.

ನಮ್ಮ ಪಟ್ಟಣಗಳಲ್ಲಿ ಕಲಿತ ಹೆಣ್ಣುಮಕ್ಕಳಿದ್ದಾರೆ, ವೈದ್ಯರಿದ್ದಾರೆ, ವಕೀಲರಿದ್ದಾರೆ, ಶಿಕ್ಷಕರಿದ್ದಾರೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಬಗೆ, ವಿಧವಾ ವೇತನ ಪಡೆಯುವ ಕ್ರಮ, ಬೀಡಿ ಕಟ್ಟುವ ತಾಯಂದಿರ ಆರೋಗ್ಯ, ಹಿರಿಯರ ನೆನಪಿನಲ್ಲಷ್ಟೇ ಉಳಿದಿರುವ ಹಾಡು, ಗಾದೆಗಳು – ಇವು ಯಾವುವೂ ನಿಷಿದ್ಧವಲ್ಲ. ಇದಕ್ಕೆ ಬೇಕಾದದ್ದು ವಾರಕ್ಕೆ ಒಂದೆರಡು ಗಂಟೆಯ ಬಿಡುವು ಮತ್ತು ಮನೆಯ ಹೆಣ್ಣುಮಕ್ಕಳೂ ಮೈಕಿನ ಮುಂದೆ ಮಾತಾಡಲಿ ಎಂಬ ಮನಸ್ಸು. ಈ ಎರಡನೆಯದು ನಮ್ಮಲ್ಲಿ ಎಷ್ಟಿದೆ ಎಂದು ಗಂಡಸರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ನಮ್ಮ ಧ್ವನಿಯನ್ನು ಇತರರು ಅಡಗಿಸುತ್ತಾರೆಂದು ದೂರುವ ನಾವು ನಮ್ಮ ಮನೆಯೊಳಗಿನ ಧ್ವನಿಯನ್ನು ಅಡಗಿಸಬಾರದಲ್ಲವೇ?

ಒಂದು ಎಚ್ಚರಿಕೆಯೂ ಬೇಕು. ಬಾನುಲಿಯ ಮುಂದೆ ಕೂತು ನಮ್ಮ ಗೋಳನ್ನಷ್ಟೇ ಹೇಳಿಕೊಂಡರೆ ನೆರೆಯವನು ಕೇಳುವುದನ್ನು ನಿಲ್ಲಿಸುತ್ತಾನೆ. ಅವನ ಹೊಲಕ್ಕೆ ನೀರಿಲ್ಲದ ಸಂಗತಿಯನ್ನೂ ನಾವು ಹೇಳಬೇಕು. ಆಗ ಅದು ಸಮುದಾಯದ ಬಾನುಲಿಯಾಗುತ್ತದೆ. ಇಲ್ಲವಾದರೆ ಒಂದು ಕೋಮಿನ ಬಾನುಲಿಯಾಗುತ್ತದೆ.

ಸುದ್ದಿಯ ಹಕ್ಕಿಗಾಗಿ ಸಂಸತ್ ಸದಸ್ಯರನ್ನು, ಸಚಿವರನ್ನು ಕೇಳೋಣ. ಅದರ ಜೊತೆಗೆ, ಹತ್ತಿರದಲ್ಲಿ ಸಮುದಾಯ ಬಾನುಲಿ ಕೇಂದ್ರವಿದ್ದರೆ ಈ ತಿಂಗಳಲ್ಲೇ ಅದರ ಬಾಗಿಲು ತಟ್ಟೋಣ. ಬೂದಿಕೋಟೆಯವರು ಪರವಾನಗಿಗಾಗಿ ಕಾಯಲಿಲ್ಲ, ತಂತಿಯಲ್ಲೇ ಮಾತಾಡಿದರು. ನಮ್ಮ ಮುಂದೆ ಬಾಗಿಲು ತೆರೆದೇ ಇದೆ.