ಗೂಢ ಸಂಪರ್ಕಕ್ಕೊಂದು ಕಾವಲು

(ಶತಮಾನೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ, ಗಣಕಯಂತ್ರ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆವಿದ್ಯಾರ್ಥಿಗಳು ಜೊತೆಗೂಡಿ ಸಿದ್ಧಪಡಿಸಿ ಓದಿದ ಉಪನ್ಯಾಸ)



ಗಡಿನಾಡಿನ ಈ ಶಾಲೆಯ ಅಂಗಳದಲ್ಲಿ ಅಕ್ಷರ ಕಲಿತ ನಾವು ಕೆಲವರು ಇಂದು ಪ್ರೋಗ್ರಾಂ ಬರೆಯುವ ಉದ್ಯೋಗದಲ್ಲಿದ್ದೇವೆ. ನಿಮ್ಮ ಕೆಲಸವೇನೆಂಬುದನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಸಿರೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಅದರಂತೆ ನಮ್ಮ ಕೆಲಸದ ಒಂದು ಸಣ್ಣ ಮೂಲೆಯನ್ನು, ಅಲ್ಲಿ ನಾವೇ ಮಾಡಿದ ಒಂದು ತಪ್ಪಿನ ಸಹಿತ, ತಮ್ಮ ಮುಂದಿಡುತ್ತಿದ್ದೇವೆ.

ಮೊಬೈಲಿನಲ್ಲಿ ನಾವು ಹಣ ಕಳುಹಿಸಿದಾಗ ಆ ಸಂದೇಶವು ಹಲವು ಯಂತ್ರಗಳನ್ನು ದಾಟಿ ಬ್ಯಾಂಕನ್ನು ಮುಟ್ಟುತ್ತದೆ. ನಡುದಾರಿಯಲ್ಲಿ ಯಾರೂ ಅದನ್ನು ಓದದಂತೆಯೂ ತಿದ್ದದಂತೆಯೂ ಕಾಯುವ ನಿಯಮಾವಳಿಗೆ ಟಿಎಲ್‌ಎಸ್ ಎಂದು ಹೆಸರು. ಅದರ ಮೊದಲ ಆವೃತ್ತಿ 1999ರಲ್ಲಿ ಬಂತು, 1.3ನೆಯ ಆವೃತ್ತಿ 2018ರಲ್ಲಿ ಪ್ರಕಟವಾಯಿತು. ಮಾತು ಆರಂಭವಾಗುವ ಮುನ್ನ ಎರಡೂ ಕಡೆಯ ಯಂತ್ರಗಳು ಪರಸ್ಪರ ವಂದಿಸಿ, ಯಾವ ಗೂಢಲಿಪಿಯನ್ನು ಬಳಸಬೇಕೆಂದು ನಿಶ್ಚಯಿಸಿ, ಗುರುತಿನ ಪ್ರಮಾಣಪತ್ರವನ್ನು ಪರಿಶೀಲಿಸುತ್ತವೆ. ಇದಕ್ಕೆ ಹ್ಯಾಂಡ್‌ಶೇಕ್ ಎನ್ನುತ್ತಾರೆ.

ಪ್ರಮಾಣಪತ್ರದ ಪರಿಶೀಲನೆ ಗಡಿನಾಡಿನವರಿಗೆ ಹೊಸತಲ್ಲ. ಗಡಿಯಾಚೆಯ ಶಾಲೆಯಿಂದ ಮಗುವೊಂದು ವರ್ಗಾವಣೆ ಪತ್ರದೊಡನೆ ಬಂದರೆ ಕಚೇರಿಯವರು ಆ ಶಾಲೆಯ ಮೊಹರನ್ನಷ್ಟೇ ನೋಡಿ ಒಪ್ಪುವುದಿಲ್ಲ. ಅದರ ಮೇಲೆ ಶಿಕ್ಷಣಾಧಿಕಾರಿಯ ಮೇಲುರುಜು ಇದೆಯೇ ಎಂದು ಕೇಳುತ್ತಾರೆ. ಶಾಲೆಯನ್ನು ನಾವು ಅರಿಯೆವು. ಆದರೆ ಅಧಿಕಾರಿಯ ಪದವಿಯನ್ನು ನಂಬುತ್ತೇವೆ. ಯಂತ್ರಗಳ ಲೋಕದಲ್ಲಿಯೂ ಹೀಗೆಯೇ. ಒಂದು ಪ್ರಮಾಣಪತ್ರಕ್ಕೆ ಇನ್ನೊಂದರ ರುಜು, ಅದಕ್ಕೆ ಮತ್ತೊಂದರ ರುಜು. ಈ ಸರಪಳಿ ನಾವು ಮೊದಲೇ ನಂಬಿರುವ ಒಂದು ಸಂಸ್ಥೆಯವರೆಗೆ ಮುಟ್ಟಬೇಕು.

ಹ್ಯಾಂಡ್‌ಶೇಕ್ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತಿಳಿಯುವುದು ಹೇಗೆ? 1.3ನೆಯ ಆವೃತ್ತಿಯಲ್ಲಿ ಮೊದಲ ವಂದನೆ ಮುಗಿಯುತ್ತಲೇ ಪ್ರಮಾಣಪತ್ರವೂ ಗೂಢಲಿಪಿಯೊಳಗೆ ಅಡಗುತ್ತದೆ. ಹೊರಗೆ ನಿಂತು ತಂತಿಯನ್ನು ಗಮನಿಸುವವನಿಗೆ ಹೆಚ್ಚೇನೂ ಕಾಣದು. ಆದುದರಿಂದ ಕಾವಲುಗಾರನನ್ನು ಪ್ರೋಗ್ರಾಮಿನ ಒಳಗೇ ಇರಿಸಬೇಕು. ಆ ಕಾವಲುಗಾರನೇ ಕಾಲ್‌ಬ್ಯಾಕ್ ಫಂಕ್ಷನ್; ಕನ್ನಡದಲ್ಲಿ ‘ಮರುಕರೆ’ ಎನ್ನಬಹುದು. ಬಸ್ಸು ಬಂತೇ ಎಂದು ಗಳಿಗೆಗೊಮ್ಮೆ ರಸ್ತೆಗೆ ಓಡುವ ಬದಲು, ‘ಬಸ್ಸು ತಿರುವಿಗೆ ಬಂದಾಗ ನನ್ನನ್ನು ಕರೆ’ ಎಂದು ತಮ್ಮನಿಗೆ ಹೇಳಿ ನಮ್ಮ ಕೆಲಸದಲ್ಲಿ ತೊಡಗುತ್ತೇವಲ್ಲವೇ? ಹಾಗೆಯೇ ನಾವೊಂದು ಫಂಕ್ಷನ್ ಬರೆದು ಗ್ರಂಥಾಲಯದ ಕೈಗೆ ಕೊಡುತ್ತೇವೆ. ಘಟನೆ ನಡೆದಾಗ ಅದನ್ನು ಕರೆಯುವ ಹೊಣೆ ಗ್ರಂಥಾಲಯದ್ದು. ಗ್ರಂಥಾಲಯವೆಂದರೆ ಇಲ್ಲಿ ಪುಸ್ತಕಗಳದ್ದಲ್ಲ, ಸಿದ್ಧ ಫಂಕ್ಷನ್‌ಗಳ ಸಂಗ್ರಹ. ಸಿ ಭಾಷೆಯಲ್ಲಿ ಬರೆದಿರುವ ಓಪನ್‌ಎಸ್‌ಎಸ್‌ಎಲ್ ಅಂತಹದೊಂದು.

ಅದರಲ್ಲಿ ಮಾಹಿತಿಯ ಮರುಕರೆ ಒಂದಿದೆ. ಹ್ಯಾಂಡ್‌ಶೇಕ್ ಆರಂಭವಾದಾಗ, ಹಂತ ಬದಲಾದಾಗ, ಮುಗಿದಾಗ, ಎಚ್ಚರಿಕೆಯ ಸಂದೇಶ ಬಂದಾಗ ಅಥವಾ ಹೋದಾಗ ಅದು ನಮಗೆ ಸುದ್ದಿ ಮುಟ್ಟಿಸುತ್ತದೆ. ಎಚ್ಚರಿಕೆಗಳಿಗೆ ಸಂಖ್ಯೆಗಳಿವೆ: 45 ಎಂದರೆ ಪ್ರಮಾಣಪತ್ರದ ಅವಧಿ ತೀರಿದೆ, 48 ಎಂದರೆ ರುಜು ಹಾಕಿದ ಸಂಸ್ಥೆ ಅಪರಿಚಿತ. ಈ ಮರುಕರೆ ನೋಡಿ ಬರೆದಿಡುತ್ತದೆ, ಅಷ್ಟೇ, ತೀರ್ಪು ಕೊಡುವುದಿಲ್ಲ. ಅದು ಮುಗಿಯುವ ತನಕ ಸಂಪರ್ಕದ ಕೆಲಸವೂ ನಿಂತಿರುವುದರಿಂದ, ಗಂಟೆ ಬಾರಿಸುವ ಜವಾನನಂತೆ ಬಾರಿಸಿ ಹಿಂದಿರುಗಬೇಕು. ಅಲ್ಲಿ ನಿಂತು ಕಥೆ ಹೇಳಬಾರದು.

ಇನ್ನೊಂದು ಪರಿಶೀಲನೆಯ ಮರುಕರೆ. ಇದಕ್ಕೆ ತೀರ್ಪು ಕೊಡುವ ಅಧಿಕಾರವಿದೆ. ಪ್ರಮಾಣಪತ್ರ ಸರಿಯೇ ಎಂಬ ತನ್ನ ನಿರ್ಣಯವನ್ನು ಗ್ರಂಥಾಲಯವು 1 ಅಥವಾ 0 ಎಂದು ಇದಕ್ಕೆ ತಿಳಿಸುತ್ತದೆ. ಇದು 0 ಎಂದು ಉತ್ತರಿಸಿದರೆ ಸಂಪರ್ಕ ಮುರಿಯುತ್ತದೆ. 1 ಎಂದರೆ ದೋಷವಿದ್ದರೂ ಮುಂದೆ ಸಾಗುತ್ತದೆ.

ನಾವು ಎಡವಿದ್ದು ಇಲ್ಲಿಯೇ. ಹಣಪಾವತಿಗೆ ಸಂಬಂಧಿಸಿದ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದೆವು. ಪರೀಕ್ಷೆಗಾಗಿ ಇರಿಸಿದ್ದ ಯಂತ್ರದ ಪ್ರಮಾಣಪತ್ರಕ್ಕೆ ಮಾನ್ಯ ಸಂಸ್ಥೆಯ ರುಜು ಇರಲಿಲ್ಲ. ಸಂಪರ್ಕ ಮತ್ತೆ ಮತ್ತೆ ಮುರಿಯುತ್ತಿತ್ತು. ಗಡುವು ಸಮೀಪಿಸಿತ್ತು. ಮರುಕರೆಯಲ್ಲಿ ‘ಯಾವಾಗಲೂ 1’ ಎಂದು ಒಂದು ಸಾಲು ಬರೆದೆವು. ತಾತ್ಕಾಲಿಕವೆಂದುಕೊಂಡೆವು, ತೆಗೆಯಲು ಮರೆತೆವು. ಆ ಸಾಲು ಗ್ರಾಹಕರ ಯಂತ್ರಗಳವರೆಗೂ ಹೋಯಿತು. ತಿಂಗಳುಗಟ್ಟಲೆ ನಮ್ಮ ದಾಖಲೆಯಲ್ಲಿ ‘ಹ್ಯಾಂಡ್‌ಶೇಕ್ ಸಂಪೂರ್ಣ’ ಎಂದೇ ಬರುತ್ತಿತ್ತು. ಒಂದು ದೋಷವೂ ಇಲ್ಲವೆಂದು ಹಿಗ್ಗಿದೆವು. ಕೊನೆಗೆ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ತರುಣಿಯೊಬ್ಬಳು ಬೇಕೆಂದೇ ಅವಧಿ ತೀರಿದ ಪ್ರಮಾಣಪತ್ರವನ್ನು ಒಡ್ಡಿ ನೋಡಿದಳು. ಸಂಪರ್ಕ ನಿರಾತಂಕವಾಗಿ ಏರ್ಪಟ್ಟಿತು. ಅಂದರೆ ಬ್ಯಾಂಕಿನ ವೇಷ ಧರಿಸಿ ನಡುವೆ ನಿಂತ ಯಾರನ್ನಾದರೂ ನಮ್ಮ ಪ್ರೋಗ್ರಾಂ ಒಳಗೆ ಕರೆಯುತ್ತಿತ್ತು. ನಷ್ಟವಾಯಿತೆಂದು ಯಾರೂ ದೂರಲಿಲ್ಲ, ನಿಜ. ಆದರೆ ದೂರು ಬಾರದಿರುವುದು ನಷ್ಟವಾಗಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಈ ಅಳುಕು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಪರಿಹಾರ ಸರಳವಾಗಿತ್ತು. ಪರೀಕ್ಷಾ ಯಂತ್ರಕ್ಕೆ ರುಜು ಹಾಕಿದ ಪ್ರಮಾಣಪತ್ರವನ್ನು, ಪರೀಕ್ಷೆಯ ಮಟ್ಟಿಗೆ ಮಾತ್ರ, ನಂಬಿಕೆಯ ಪಟ್ಟಿಗೆ ಸೇರಿಸಿದೆವು. ಮರುಕರೆಯು ದೋಷವೇನು, ಸರಪಳಿಯ ಎಷ್ಟನೆಯ ಕೊಂಡಿಯಲ್ಲಿ ಎಂಬುದನ್ನು ಬರೆದಿಟ್ಟು, ಬಂದ ನಿರ್ಣಯವನ್ನು ಬದಲಿಸದೆ ಹಿಂದಿರುಗಿಸುವಂತೆ ಮಾಡಿದೆವು. ತಪ್ಪು ಪ್ರಮಾಣಪತ್ರ ತೋರಿಸಿ ‘ಇಲ್ಲ’ ಎನಿಸಿಕೊಳ್ಳುವ ಪರೀಕ್ಷೆಯನ್ನು ಅಂದಿನಿಂದ ಕಡ್ಡಾಯಗೊಳಿಸಿದೆವು.

ಮತ್ತೊಂದು ಎಚ್ಚರಿಕೆಯ ಮಾತು. 2018ರ ಓಪನ್‌ಎಸ್‌ಎಸ್‌ಎಲ್ 1.1.1ರಿಂದ ಸಂಪರ್ಕದ ಗೂಢ ಕೀಲಿಗಳನ್ನೇ ತಂದೊಪ್ಪಿಸುವ ಮರುಕರೆಯೂ ಇದೆ. ದೋಷ ಹುಡುಕಲು ಅದು ಬಲು ಉಪಕಾರಿ. ಆ ಕೀಲಿಗಳನ್ನು ವೈರ್‌ಶಾರ್ಕ್‌ಗೆ ಕೊಟ್ಟರೆ ಹಿಡಿದಿಟ್ಟ ಸಂದೇಶಗಳು ತೆರೆದುಕೊಳ್ಳುತ್ತವೆ. ಆದರೆ ಅದು ಪ್ರಯೋಗಶಾಲೆಯಲ್ಲೇ ಉಳಿಯಬೇಕು. ಜನರ ಸಂಪರ್ಕಗಳ ಕೀಲಿಯನ್ನು ಕಡತದಲ್ಲಿ ಬರೆದಿಡುವುದು ಮನೆಯ ಬೀಗದಕೈಯನ್ನು ಬಾಗಿಲಲ್ಲೇ ತೂಗುಹಾಕಿದಂತೆ.

ಪ್ರಿಯ ವಿದ್ಯಾರ್ಥಿಗಳೇ, ಮೇಲುರುಜು ಇಲ್ಲದ ಪತ್ರವನ್ನು ಈ ಶಾಲೆಯ ಕಚೇರಿ ಹಿಂದಿರುಗಿಸುತ್ತಿದ್ದುದನ್ನು ನಾವು ಬಾಲ್ಯದಲ್ಲಿಯೇ ಕಂಡಿದ್ದೆವು; ಅದರ ಅರ್ಥ ತಿಳಿಯಲು ನಮಗೆ ಆ ಒಂದು ಸಾಲು ಬೇಕಾಯಿತು. ಎಲ್ಲದಕ್ಕೂ ‘ಸರಿ’ ಎನ್ನುವ ಕಾವಲುಗಾರನಿಗಿಂತ ಕಾವಲುಗಾರನಿಲ್ಲದ ಬಾಗಿಲೇ ಲೇಸು. ಅಲ್ಲಿ ಕಾವಲಿಲ್ಲವೆಂದಾದರೂ ತಿಳಿದಿರುತ್ತದೆ. ಈ ಪಾಠವನ್ನು ನಾವು ಕಲಿತ ನುಡಿಯಲ್ಲಿಯೇ ನಿಮಗೆ ಒಪ್ಪಿಸುವ ಭಾಗ್ಯ ದೊರೆಯಿತು.