ರಜೆಯಲ್ಲಿ ನೀರೆರೆಯುವವರು ಯಾರು?

(ಶತಮಾನೋತ್ಸವ ವರ್ಷದ ಅಂಗವಾಗಿ ಫೆಬ್ರವರಿ ತಿಂಗಳಲ್ಲಿ ಜರಗಿದ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶತಮಾನೋತ್ಸವದ ಸಭೆಯೆಂದರೆ ಹೊಸ ಕಟ್ಟಡ, ಸ್ಮಾರಕ ಸಭಾಂಗಣ, ದತ್ತಿನಿಧಿ ಇವುಗಳ ಮಾತು ಬರುವುದು ವಾಡಿಕೆ. ಆ ಮಾತುಗಳನ್ನು ಆಡಲು ಸಮರ್ಥರಾದ ಹಿರಿಯರು ಇಲ್ಲಿದ್ದಾರೆ. ನಾವು ಇಂದು ಶಾಲೆಯ ಹಿಂಬದಿಯ ತರಕಾರಿ ತೋಟದ ಕುರಿತು ಮಾತನಾಡಲು ಅಪ್ಪಣೆ ಬೇಡುತ್ತೇವೆ. ವಿಷಯ ಸಣ್ಣದೆಂದು ಕೆಲವರಿಗೆ ತೋರಬಹುದು. ಆದರೆ ಈ ತೋಟದ ವಿಚಾರದಲ್ಲಿ ನಮ್ಮಿಂದ ಒಂದು ತಪ್ಪು ಸಂಭವಿಸಿದೆ. ಅದನ್ನು ಹೆತ್ತವರ ಮುಂದೆ ಹೇಳಿಕೊಳ್ಳದೆ ಈ ನೂರನೆಯ ವರ್ಷವನ್ನು ದಾಟುವುದು ನಮಗೆ ಸರಿಯೆನಿಸಲಿಲ್ಲ.

ಪುಸ್ತಕಗಳ ವಸಂತದಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಹಾಡುತ್ತದೆ. ಕಾಸರಗೋಡಿನ ಕೃಷಿಕನ ವಸಂತದಲ್ಲಿ ಇವೆರಡೂ ಉಂಟು, ಜೊತೆಗೆ ತಳ ಕಾಣುವ ಬಾವಿಯೂ ಉಂಟು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಊರು ನಮ್ಮದು. ಆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು, ಮುರಕಲ್ಲಿನ ಗುಡ್ಡಗಳಿಂದ ಇಳಿದು ಸಮುದ್ರ ಸೇರುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಗುಡ್ಡದ ಒಡಲನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿದರು. ತೋಡಿಗೆ ಕಲ್ಲುಮಣ್ಣಿನ ಕಟ್ಟ ಕಟ್ಟಿ ಹರಿಯುವ ನೀರನ್ನು ತಡೆದರು. ಸುಗ್ಗಿಯ ಪೈರು ಕೊಯ್ದ ಗದ್ದೆಯಲ್ಲಿ ಆ ನೀರನ್ನು ನೆಚ್ಚಿ ನೆಟ್ಟಿಕಾಯಿಯ ಸಾಲು ತೆಗೆದರು. ಸೌತೆ, ಕುಂಬಳ, ಅಲಸಂಡೆ, ಬೆಂಡೆ, ಹೀರೆ, ಪಡುವಲ, ಹಾಗಲ, ಹರಿವೆಗಳು ಬೆಳೆದುದು ಹೀಗೆ. ಬಿಸುವಿನ ಕಣಿಗೆ ಹೊಂಬಣ್ಣದ ಸೌತೆ ಬೇಕೆಂದಾದರೆ ಎರಡು, ಎರಡೂವರೆ ತಿಂಗಳು ಮೊದಲೇ ಬೀಜ ಮಣ್ಣಿಗೆ ಬೀಳಬೇಕು. ಹಬ್ಬದ ದಿನ ಕಣ್ತೆರೆದು ನೋಡುವ ಆ ಒಂದು ಕಾಯಿಯ ಹಿಂದೆ ಮನೆಮಂದಿಯೆಲ್ಲ ಕೊಡಪಾನ ಹೊತ್ತ ಅರುವತ್ತು ಸಂಜೆಗಳಿದ್ದವು.

ನಮ್ಮ ಶಾಲೆಯ ತೋಟವೂ ಈ ಕ್ರಮದಲ್ಲಿಯೇ ನಡೆದುಬಂದಿತ್ತು. ಅದರಲ್ಲಿ ಒಂದು ಅಲಸಂಡೆಯಿತ್ತು. ಕಾಯಿ ಮೊಳದುದ್ದ, ತುದಿ ಮಾತ್ರ ನಸುಗೆಂಪು; ಬೀಜ ಅರ್ಧ ಬಿಳಿ, ಅರ್ಧ ಕಂದು. ಹಿಂದೆ ಇಲ್ಲಿ ಪಾಠ ಹೇಳಿದ ಅಧ್ಯಾಪಕರೊಬ್ಬರು ತಮ್ಮ ಮನೆಯಿಂದ ತಂದು ಬಿತ್ತಿದ್ದೆಂದು ಹಿರಿಯರು ಹೇಳುತ್ತಿದ್ದರು. ಪ್ರತಿ ವರ್ಷ ಒಳ್ಳೆಯ ಕಾಯಿಗಳನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ಬಿಡಿಸಿ, ಬೂದಿ ಬೆರೆಸಿ ಸೀಸೆಯಲ್ಲಿಟ್ಟು, ಮುಂದಿನ ವರ್ಷ ಬಿತ್ತುತ್ತಿದ್ದೆವು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿತು. ಸೀಸೆ ಕಪಾಟಿನಲ್ಲಿ ಭದ್ರವಾಗಿದೆಯೆಂದು ನಾವು ನಿಶ್ಚಿಂತರಾಗಿದ್ದೆವು. ಮಕ್ಕಳು ಮರಳಿ ಬಂದ ಮೇಲೂ ಪಾಠದ ಬಾಕಿ ತೀರಿಸುವ ಆತುರದಲ್ಲಿ ತೋಟ ಹಿಂದುಳಿಯಿತು. ಕೊನೆಗೊಂದು ದಿನ ಮುಚ್ಚಳ ತೆರೆದಾಗ ಅರ್ಧಕ್ಕರ್ಧ ಬೀಜ ಹುಳ ಹಿಡಿದು ಹುಡಿಯಾಗಿತ್ತು. ಉಳಿದುದನ್ನು ಬಿತ್ತಿದೆವು, ಒಂದೂ ಮೊಳೆಯಲಿಲ್ಲ. ಕರಾವಳಿಯ ತೇವದ ಹವೆಯಲ್ಲಿ ಅಲಸಂಡೆಯ ಬೀಜ ಬಹುಕಾಲ ಬಾಳದು ಎಂಬುದನ್ನು ತರಗತಿಯಲ್ಲಿ ಬೋಧಿಸುವ ನಾವೇ ಮರೆತಿದ್ದೆವು.

ಆ ಬೀಜ ನಮಗೆ ಮರಳಿ ದೊರೆತುದು ಒಬ್ಬ ಅಜ್ಜಿಯ ಕೃಪೆಯಿಂದ. ಅವರ ಮೊಮ್ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಕಿಸೆಯಲ್ಲಿ ಹತ್ತು ಬೀಜ ಹಾಕಿಕೊಂಡು ಮನೆಗೆ ಹೋಗಿದ್ದಳಂತೆ. ಅಜ್ಜಿ ಅದನ್ನು ಬಚ್ಚಲಿನ ಬಳಿಯ ಬೇಲಿಗೆ ಹಬ್ಬಿಸಿದ್ದರು. ನಾವು ಕೃತಜ್ಞತೆ ಹೇಳಲು ಹೋದಾಗ ಅವರು ನಕ್ಕು, "ಟೀಚರೇ, ನೀವು ಶಾಲೆಯಲ್ಲಿ ಜೋಪಾನವಾಗಿ ತೆಗೆದಿಟ್ಟಿರಿ. ನಾನು ವರ್ಷವರ್ಷ ಹಾಕಿದೆ, ಅಷ್ಟೇ" ಎಂದರು. ಬೈಗುಳವೇನೂ ಅದರಲ್ಲಿರಲಿಲ್ಲ. ಆದರೂ ಹಿಂದಿರುಗುವ ದಾರಿಯುದ್ದಕ್ಕೂ ನಾವು ಯಾರೂ ಮಾತನಾಡಲಿಲ್ಲ.

ಹೆತ್ತವರೇ, ಶಾಲಾ ತೋಟಕ್ಕೆ ಒಂದು ಹುಟ್ಟುತೊಡಕಿದೆ. ತರಕಾರಿಗೆ ನಿತ್ಯದ ಆರೈಕೆ ಬೇಕಾದ ಮಾರ್ಚ್ ತಿಂಗಳು ನಮಗೆ ಪರೀಕ್ಷೆಯ ಕಾಲ. ನೀರು ಅತ್ಯಗತ್ಯವಾದ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ಬೀಗ. ಬೀಜ ಬಲಿಯುವ ಹೊತ್ತಿಗೆ ಅದನ್ನು ಕೊಯ್ಯುವ ಮಕ್ಕಳು ಇಲ್ಲಿರುವುದಿಲ್ಲ. ಆದುದರಿಂದ ಈ ವರ್ಷ ತೋಟವನ್ನು ನಿಮ್ಮ ಅಂಗಳಕ್ಕೆ ಕಳುಹಿಸಲು ನಿಶ್ಚಯಿಸಿದ್ದೇವೆ. ಇಂದು ಪ್ರತಿಯೊಂದು ಮಗುವಿನ ಕೈಯಲ್ಲಿ ಅಲಸಂಡೆ, ಹರಿವೆ, ಸೌತೆ ಮತ್ತು ಬೆಂಡೆಯ ಬೀಜದ ಪೊಟ್ಟಣಗಳಿವೆ. ಬಿಸುವಿನ ಕಣಿಗೆ ಈ ಸೌತೆ ತುಸು ತಡವಾದರೂ ಮಳೆಗಾಲದ ಅಡುಗೆಗೆ ಒದಗುತ್ತದೆ.

ಇನ್ನು ಕೆಲವು ಮಾತುಗಳು ತೋಟದ ಕೆಲಸದ ಬಗ್ಗೆ. ಹಿರಿಯರಿಗೆ ಇವು ಹೊಸತಲ್ಲ. ಎಳೆಯ ತಾಯಂದಿರು ನಮ್ಮಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಹೇಳುತ್ತೇವೆ.

ಮೊದಲನೆಯದು ನೀರು. ನೀರು ಕಡಿಮೆಯಿದ್ದರೆ ಗಿಡಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ. ಬುಡಕ್ಕೆ ತರಗೆಲೆ ಹೊದಿಸಿದರೆ ಸಂಜೆ ಎರೆದ ನೀರು ಮರುದಿನದ ಬಿಸಿಲಿಗೂ ಉಳಿದಿರುತ್ತದೆ. ಅಕ್ಕಿ ತೊಳೆದ ಅಕ್ಕಚ್ಚು, ತರಕಾರಿ ತೊಳೆದ ನೀರು ಗಿಡದ ಪಾಲಿಗಿರಲಿ. ಹಿಂದೆ ಪಾತ್ರೆ ತೊಳೆದ ನೀರೆಲ್ಲ ಬಸಳೆ ಚಪ್ಪರದ ಬುಡಕ್ಕೆ ಹರಿಯುತ್ತಿತ್ತು. ಆಗ ಪಾತ್ರೆಗೆ ಬೂದಿ ಹಾಕುತ್ತಿದ್ದರು. ಈಗಿನ ಸೋಪಿನ ನೀರನ್ನು ಹಾಗೆ ಬಿಡಬೇಡಿರಿ.

ಎರಡನೆಯದು ಹೂವು. ಸೌತೆಯ ಮೊದಲ ಹೂಗಳು ಉದುರಿದವೆಂದು ದುಃಖಪಡುವವರಿದ್ದಾರೆ. ಸೌತೆ, ಕುಂಬಳದಂತಹ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಮೊದಲು ಬರುತ್ತದೆ, ಅದು ಉದುರಲೇಬೇಕು. ಹೂವಿನ ಹಿಂದೆ ಎಳೆಮಿಡಿ ಇರುವುದೇ ಹೆಣ್ಣು ಹೂ. ಅದೂ ಹಳದಿಯಾಗಿ ಬೀಳುತ್ತಿದ್ದರೆ ಜೇನು ಬರುತ್ತಿಲ್ಲವೆಂದು ಅರ್ಥ. ಬೆಳಗ್ಗೆ ಗಂಡು ಹೂವೊಂದನ್ನು ಕಿತ್ತು ಹೆಣ್ಣು ಹೂವಿಗೆ ಮೆಲ್ಲನೆ ಸೋಕಿಸಿರಿ. ಹೀರೆಯ ಹೂ ಅರಳುವುದು ಸಂಜೆ, ಪಡುವಲದ್ದು ಕತ್ತಲಾದ ಮೇಲೆ. ಅವುಗಳನ್ನು ನೋಡಬೇಕಾದರೆ ಮಕ್ಕಳು ಮೊಬೈಲ್ ಕೆಳಗಿಟ್ಟು ಅಂಗಳಕ್ಕೆ ಇಳಿಯಲೇಬೇಕು.

ಮೂರನೆಯದು ಕೀಟ. ವಿಷದ ವಿಚಾರವಾಗಿ ಈ ಜಿಲ್ಲೆಯವರಿಗೆ ಹೊರಗಿನವರು ಉಪನ್ಯಾಸ ಮಾಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ನಾವು ಕಂಡಿದ್ದೇವೆ. ಸಿಂಪಡಣೆ 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆಯಿತು. ನೋವು ಮಾತ್ರ ಇಂದಿಗೂ ಹಲವು ಮನೆಗಳಲ್ಲಿ ಹಾಸಿಗೆ ಹಿಡಿದಿದೆ. ನಾಲ್ಕು ಬುಡ ಅಲಸಂಡೆಗೆ ಅಂಗಡಿಯ ಔಷಧ ಬೇಡ. ಕುಡಿಯಲ್ಲಿ ಕಪ್ಪು ಹೇನು ಕಂಡೊಡನೆ ಬೆರಳಿನಿಂದ ಸವರಿ ತೆಗೆದು, ನೀರು ಚಿಮುಕಿಸಿ, ಒಲೆಯ ಬೂದಿ ಎರಚಿರಿ. ಹಾಗಲ, ಪಡುವಲದ ಎಳೆಗಾಯಿಗೆ ಹಳೆಯ ಕಾಗದದ ಚೀಲ ತೊಡಿಸಿದರೆ ಹಣ್ಣುನೊಣ ಮೊಟ್ಟೆಯಿಡಲಾರದು. ನೊಣ ಕುಟ್ಟಿದ ಕಾಯಿಯನ್ನು ಬುಡದಲ್ಲೇ ಬಿಟ್ಟರೆ ಒಳಗಿನ ಹುಳ ಮಣ್ಣಿಗಿಳಿದು, ಕೋಶವಾಗಿ, ಮತ್ತೆ ನೊಣವಾಗಿ ಬರುತ್ತದೆ. ಅಂತಹ ಕಾಯಿಗಳನ್ನು ದಿನಾಲೂ ಹೆಕ್ಕಿ ಬಾಲ್ದಿಯ ನೀರಿನಲ್ಲಿ ಮುಳುಗಿಸಿಡಿರಿ. ಬೆಂಡೆಯ ಎಲೆಯ ನರ ಹಳದಿಗಟ್ಟಿದರೆ ಅದು ಬಿಳಿನೊಣ ಹರಡುವ ರೋಗ. ಮರುಗದೆ ಆ ಗಿಡವನ್ನು ಕಿತ್ತುಬಿಡಿರಿ. ನವಿಲು, ಮಂಗ, ಹಂದಿಗಳಿಗೆ ನಮ್ಮಲ್ಲಿಯೂ ಪರಿಹಾರವಿಲ್ಲ. ಅಂಗಳದಲ್ಲಿ ಜನರ ಓಡಾಟವಿದ್ದಷ್ಟು ಅವು ದೂರ ಎಂಬುದಷ್ಟೇ ನಮ್ಮ ಅನುಭವ.

ನಾಲ್ಕನೆಯದು ಬೀಜ. ಬಳ್ಳಿಯ ಅತ್ಯುತ್ತಮ ಕಾಯಿಯನ್ನು ಸಾರಿಗೆ ಹಾಕದೆ ಬೀಜಕ್ಕೆ ಬಿಡಿರಿ. ಇದು ಮನಸ್ಸಿಗೆ ಕಷ್ಟದ ಕೆಲಸವೆಂದು ಬಲ್ಲೆವು. ಬೆಳೆದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡಿಯಲ್ಲಿ ತೂಗುಹಾಕಿದರೆ ಮಳೆಗಾಲಕ್ಕೂ ಕೆಡದೆ ಉಳಿಯುತ್ತದೆ. ಪದಾರ್ಥಕ್ಕೂ ಆಯಿತು, ಬೀಜಕ್ಕೂ ಆಯಿತು.

ಇದೇ ಮಾತಿಗೆ ಇನ್ನೊಂದು ಮಾತನ್ನು ಸೇರಿಸುತ್ತೇವೆ. ಈಚೆಗೆ ಐದನೆಯ ತರಗತಿಯಲ್ಲಿ, ನಿಮ್ಮ ಮನೆಯ ತರಕಾರಿಗಳ ಹೆಸರು ಬರೆಯಿರಿ ಎಂದಾಗ ಮಗುವೊಂದು "ವೆಳ್ಳರಿ, ಚೀರ, ಕೋವಕ್ಕ" ಎಂದು ಬರೆಯಿತು. ಅಕ್ಷರ ಅಂದವಾದ ಕನ್ನಡ, ಹೆಸರುಗಳು ಪೇಟೆಯ ಮಲಯಾಳ. ನಾವು ಅದನ್ನು ತಪ್ಪೆಂದು ಹೊಡೆದುಹಾಕಲಿಲ್ಲ. ಮಲಯಾಳವು ನಮ್ಮ ನೆರೆಹೊರೆಯ ಭಾಷೆ, ನಮ್ಮ ಮಕ್ಕಳ ಉದ್ಯೋಗದ ಭಾಷೆ. ತುಳು ಮನೆಗಳಲ್ಲಿ ಸೌತೆ "ತೌತೆ", ತೊಂಡೆ "ಮನೋಳಿ", ಹಾಗಲ "ಕಂಚಲ್" ಆಗಿದೆ. ಒಂದೇ ಬಳ್ಳಿಗೆ ಮೂರು ಹೆಸರು ಬಲ್ಲ ಮಗು ಬಡವಾಗುವುದಿಲ್ಲ. ಮೂರರಲ್ಲಿ ಒಂದು ಸದ್ದಿಲ್ಲದೆ ಉದುರಿಹೋಗುವುದೇ ನಮ್ಮ ಭಯ. ಸೌತೆ, ಹರಿವೆ, ತೊಂಡೆ ಎಂಬ ಮಾತುಗಳನ್ನು ನಾವು ಪಾಠಪುಸ್ತಕದಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ಆ ಸೀಸೆಯಲ್ಲಿ ಇಟ್ಟ ಹಾಗೆ. ಶಾಲೆ ದಿನಕ್ಕೆ ಆರು ಗಂಟೆ, ವರ್ಷಕ್ಕೆ ಹತ್ತು ತಿಂಗಳು ನೀರೆರೆಯಬಲ್ಲುದು. ಉಳಿದ ಹೊತ್ತು ಅದು ಮನೆಯ ಕೆಲಸ. "ಹರಿವೆ ಕೊಯ್ದು ಬಾ ಮಗಾ" ಎಂದು ತಾಯಿಯೊಬ್ಬಳು ಸಂಜೆ ಕೂಗಿ ಹೇಳಿದರೆ ಅದು ನಮ್ಮ ಹತ್ತು ಪಾಠಗಳಿಗೆ ಸಮ.

ಕೃಷಿಯ ಕೆಲಸ ಓದಿಗೆ ಅಡ್ಡಿಯೆಂದು ಶಂಕಿಸುವ ಹೆತ್ತವರಿಗೆ ನಾವು ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನಪಿಸುತ್ತೇವೆ. ಕವಿಗಳು, ಅಧ್ಯಾಪಕರು, ಸ್ವಾತಂತ್ರ್ಯ ಹೋರಾಟಗಾರರು ಆಗಿದ್ದ ಅವರು ಮಣ್ಣಿನ ಕೆಲಸವನ್ನು ಬಿಟ್ಟವರಲ್ಲ. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು "ದುಡಿತವೇ ನನ್ನ ದೇವರು". ಹತ್ತನೆಯ ತರಗತಿಯವರಿಗೆ ಪರೀಕ್ಷೆ ಮುಗಿಯುವವರೆಗೆ ವಿನಾಯಿತಿ ಇದೆ. ಆ ಬಳಿಕ ಇಲ್ಲ!

ಹಳೆವಿದ್ಯಾರ್ಥಿಗಳಿಗೂ ಪೊಟ್ಟಣಗಳನ್ನು ತೆಗೆದಿರಿಸಿದ್ದೇವೆ. ಬೆಂಗಳೂರಿನ ಬಾಲ್ಕನಿಯ ಚಟ್ಟಿಯಲ್ಲಿ ಹರಿವೆ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಗಲ್ಫಿನಲ್ಲಿರುವವರು ಬೇಸಗೆ ಕಳೆದು ತಂಪು ಇಳಿಯುವವರೆಗೆ ಕಾಯಿರಿ.

ಕೊನೆಯದಾಗಿ ಒಂದು ಕರಾರು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಪ್ರತಿ ಮಗು ಕೊಂಡುಹೋದುದರ ಇಮ್ಮಡಿ ಬೀಜ ತರಬೇಕು. ಪೊಟ್ಟಣದ ಮೇಲೆ ಬೀಜದ ಹೆಸರನ್ನು ಮಗುವೇ ಕನ್ನಡದಲ್ಲಿ ಬರೆದಿರಬೇಕು. ತುಳು, ಮಲಯಾಳದ ಹೆಸರುಗಳನ್ನೂ ಕೆಳಗೆ ಬರೆಯಲಿ. ಕೆಲವರ ಬಳ್ಳಿ ಒಣಗೀತು, ಕೆಲವರದನ್ನು ನವಿಲು ತಿಂದೀತು. ಅಂತಹವರು ಬರಿಗೈಯಲ್ಲಿಯೇ ಬರಲಿ, ಏನಾಯಿತೆಂದು ಹೇಳಲಿ. ನೂರು ಅಂಗಳಗಳಲ್ಲಿ ಬಿತ್ತಿದ್ದು ತೊಂಬತ್ತರಲ್ಲಿ ಸೋತರೂ ಹತ್ತರಲ್ಲಿ ಉಳಿಯುತ್ತದೆ; ಒಂದೇ ಕಪಾಟಿನಲ್ಲಿ ಇಟ್ಟುದರ ಗತಿಯನ್ನು ನಾವು ಕಂಡಾಗಿದೆ.

ಆ ಅಜ್ಜಿ ಇಂದು ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರು ಹೇಳಬಾರದೆಂದು ಆಣೆ ಹಾಕಿದ್ದಾರೆ. ಮಕ್ಕಳು ಹೋಗುವಾಗ ಅವರ ಕೈಯಿಂದಲೇ ಅಲಸಂಡೆಯ ಪೊಟ್ಟಣ ಪಡೆದು, ಕಾಲಿಗೆರಗಿ ಹೋಗಬೇಕೆಂದು ಆಶಿಸುತ್ತೇವೆ.