ಬೀಜದ ತಪ್ಪೇ, ನೆಲದ ತಪ್ಪೇ?



ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಜೀನ್ ತಿದ್ದುವ ಕಥೆ ಎಂದು ಎಷ್ಟೋ ಮಂದಿ ಹೇಳುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದವನು. ಪಿಯುಸಿ ಮಕ್ಕಳ ಜೊತೆ ಕೂತು ಮೊದಲ ಅಧ್ಯಾಯವನ್ನು ಸಾಲುಸಾಲಾಗಿ ಓದಿದ ಮೇಲೆ ಆ ಮಾತು ಬಿಟ್ಟೆ. ಯಾಕೆ ಬಿಟ್ಟೆ, ಇವತ್ತು ಅದೊಂದನ್ನೇ ಹೇಳುತ್ತೇನೆ.

ಕಾದಂಬರಿ ಬಂದದ್ದು 1932ರಲ್ಲಿ. ಡಿಎನ್‌ಎ ರಚನೆ ತಿಳಿದದ್ದು 1953ರಲ್ಲಿ. ಜೀನ್ ತಿದ್ದುವ ಮಾತು ಆಗ ಎಲ್ಲಿಂದ ಬರಬೇಕು? ಆದರೆ ಗರ್ಭದ ಹೊರಗೆ ಮಗು ಬೆಳೆಸುವ ಕಲ್ಪನೆಯನ್ನು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1924ರ ‘ಡೇಡಲಸ್’ ಎಂಬ ಪುಟ್ಟ ಪುಸ್ತಕದಲ್ಲೇ ಬರೆದಿದ್ದರು. ಮುಂದೆ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರೇ ಅವರು.

ಹಕ್ಸ್‌ಲಿಯ ಕಾರ್ಖಾನೆಯಲ್ಲಿ ಭ್ರೂಣಗಳು ಸೀಸೆಗಳಲ್ಲಿ ಬೆಳೆಯುತ್ತವೆ. ಒಂದೇ ಅಂಡದಿಂದ 96 ಮಕ್ಕಳವರೆಗೆ. “ಸರ್, ಗಾಂಧಾರಿಯ ಕೊಡಗಳು!” ಎಂದ ಒಬ್ಬ ಹುಡುಗ. ನಿಜ. ಆದರೆ ಆ ನೂರೊಂದು ಕೊಡಗಳಿಗೂ ಬಿದ್ದದ್ದು ಒಂದೇ ತುಪ್ಪ. ಇಲ್ಲಿ ಹಾಗಲ್ಲ. ಮೇಲಿನವರಿಗೆ ಒಳ್ಳೆಯ ಅಂಡ ಆರಿಸುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೂಲಿಯಾಗಬೇಕಾದ ಮಗುವಿನ ಜೀನನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಹೋಗುವ ಆಮ್ಲಜನಕವನ್ನು ಕಡಿಮೆ ಮಾಡುತ್ತಾರೆ, ಮಿದುಳು ಸೊರಗುತ್ತದೆ. ಆ ವರ್ಗಗಳಿಗೆ ಹಕ್ಸ್‌ಲಿ ಬಳಸಿದ ಪದವೇ ‘ಕಾಸ್ಟ್’. ಅದನ್ನು ‘ಜಾತಿ’ ಎಂದು ಓದಿದಾಗ ತರಗತಿ ಸುಮ್ಮನಾಯಿತು.

ನನಗೆ ನಮ್ಮ ಜೀವಶಾಸ್ತ್ರದ ಮೇಷ್ಟ್ರು ನೆನಪಾದರು. ಮೆಂಡೆಲ್‌ನ ಬಟಾಣಿ ಗಿಡಗಳ 3:1 ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಕೆಳಗಿಟ್ಟು ಕೇಳೋರು: “ಎತ್ತರದ ಗಿಡದ ಬೀಜಾನ ಕಲ್ಲುನೆಲಕ್ಕೆ ಎಸೆದು, ನೀರೂ ಹುಯ್ಯದೆ, ಬೀಜಾನೇ ಸರಿ ಇಲ್ಲ ಅಂದ್ರೆ ನ್ಯಾಯವೇನಯ್ಯ?” ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವೆಂದು ನಾವು ಬರೆದುಕೊಳ್ಳಲೇ ಇಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ತಾನಾಗಿಯೇ ಹಿಡಿದಳು: “ಬಸುರಿ ತಾಯಿಗೆ ಹೊಟ್ಟೆತುಂಬ ಊಟ ಸಿಗದಿದ್ದರೆ ಅದೂ ಆ ಸೀಸೆಯೇ ಅಲ್ವಾ ಸರ್?” ಹೌದಮ್ಮ, ಅದೂ ಅದೇ ಎಂದೆ.

ತಪ್ಪು ನೆಲದ್ದೇ ಎಂಬ ನನ್ನ ವಾದ ಅಲ್ಲಿಗೆ ಗೆದ್ದಿತು ಅಂದುಕೊಂಡಿದ್ದೆ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದನ್ನು ಹೇಳಿದಾಗ ಮಕ್ಕಳೆಲ್ಲ ತಪ್ಪು ಎಂದರು. ಆ ಹುಡುಗಿ ಮಾತ್ರ ಜೀನಿನಿಂದಲೇ ಬರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಮಾತು ತೆಗೆದಳು. ಅದಕ್ಕೆ 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಜೀನ್ ಚಿಕಿತ್ಸೆ ರೋಗಿಯ ರಕ್ತ ಹುಟ್ಟಿಸುವ ಕೋಶಗಳನ್ನಷ್ಟೇ ತಿದ್ದುತ್ತದೆ. ಆ ತಿದ್ದುಪಡಿ ರೋಗಿಯ ಮಕ್ಕಳಿಗೆ ದಾಟುವುದಿಲ್ಲ. “ಮಕ್ಕಳಿಗೂ ಆ ನೋವು ಬಾರದ ಹಾಗೆ ಭ್ರೂಣದಲ್ಲೇ ತಿದ್ದಿದರೆ?” ಎಂದು ಕೇಳಿದಳು.

ಅಲ್ಲಿ ನೆಲದ ತಪ್ಪಿಲ್ಲ. ನೋವು ಬೀಜದಲ್ಲೇ ಇದೆ. ಹಾಗಾದರೆ ತಿದ್ದಬಹುದೇ? ತಿದ್ದುವುದನ್ನು ಕಲಿತ ಕೈ ಸಿಕಲ್ ಸೆಲ್ಲಿಗೇ ನಿಲ್ಲುತ್ತದೆಯೇ? ನಿಲ್ಲದು ಎಂಬ ಭಯದಿಂದ ಇನ್ನೊಂದು ಮಗು ನರಳಲಿ ಎನ್ನುವ ಹಕ್ಕು ನನಗುಂಟೇ? ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?